ಎಡಕ್ಕೆ ನಡೆಯುವ ಮಗು

ನನ್ನ ಅಕ್ಷರ ದುಂಡಗಿಲ್ಲ, ಗೊತ್ತಿರುವ ಪದಗಳೂ ಕಡಿಮೆ. ಶಾಲೆ ಬಿಟ್ಟು ಎರಡು ವರ್ಷವಾಯಿತು. ತಪ್ಪಿದ್ದರೆ ದಯವಿಟ್ಟು ಕ್ಷಮಿಸಿ. ಪಕ್ಕದ ಮನೆಯ ಶಿಗೆನೊ ಅಜ್ಜಿಯ ಬಾಯಿಂದ ಕೇಳಿದ್ದನ್ನು ಮೂರು ಸಲ ತಿದ್ದಿ ಬರೆದಿದ್ದೇನೆ.

ಇಗಾರಶಿ ಶಿಗೆನೊ ಹುಟ್ಟಿದ್ದು ನಮ್ಮ ಮುರಾಕಾಮಿ ಊರಿನ ಒಂದು ಚಹಾ ಅಂಗಡಿಯಲ್ಲಿ. ಅಪ್ಪ ಚಹಾ ಕಟ್ಟಿ ಉಳಿಸಿದ ಕಾಗದದ ಚೂರುಗಳೆಲ್ಲ ಅವಳ ಪಾಲು. ಅವಳು ಚಿತ್ರ ಬಿಡಿಸಿದರೆ, ತಂಗಿ ಚಿಯೊ ಪಕ್ಕದಲ್ಲಿ ಮಂಡಿಯೂರಿ ಕೂತು ತಪ್ಪು ಹುಡುಕುತ್ತಿದ್ದಳು.

"ಅಕ್ಕಾ, ಈ ನರಿಗೆ ಬಾಲ ಸಾಲದು."

"ಚಳಿಗೆ ಮುದುರಿಕೊಂಡಿದೆ ಕಣೇ."

"ಸುಳ್ಳಿ! ಕಾಗದ ಮುಗೀತು ಅಷ್ಟೆ."

ಚಳಿಗಾಲದಲ್ಲಿ ಸೂರಿನಡಿ ಉಪ್ಪು ಹಚ್ಚಿದ ಸಾಲ್ಮನ್ ಮೀನುಗಳು ತಲೆ ಕೆಳಗಾಗಿ ತೂಗುತ್ತಿದ್ದವು. ಅವುಗಳ ನಡುವಿನ ಕಿಂಡಿಯಲ್ಲಿ ಅಕ್ಕ ತಂಗಿ ಆಕಾಶ ನೋಡುತ್ತಿದ್ದರು. ಹಗಲೆಲ್ಲ ಗದ್ದೆಯಲ್ಲಿ ಮೇದ ಹಂಸಗಳು ಸಂಜೆ ಸಾಲುಗಟ್ಟಿ ಹಾರಿ ಹೋಗುತ್ತಿದ್ದವು. ಎಲ್ಲಿಗೆ ಎಂದು ಚಿಯೊ ಕೇಳಿದಳು. ಸಮುದ್ರಕ್ಕೆ ಎಂದಳು ಶಿಗೆನೊ. ನನ್ನನ್ನೂ ಕರೆದುಕೊಂಡು ಹೋಗು ಎಂದಾಗ, "ಹಿಮ ಕರಗಲಿ, ಹೋಗೋಣ" ಎಂದಳು.

ಹಿಮ ಕರಗುವ ಮೊದಲೇ ಚಿಯೊ ಎದೆಯ ಜ್ವರದಲ್ಲಿ ತೀರಿಕೊಂಡಳು. ಅವಳಿಗೆ ಆರು ವರ್ಷ, ಶಿಗೆನೊಗೆ ಒಂಬತ್ತು. ಅಮ್ಮ ಅವಳಿಗೆ ಇಷ್ಟದ ಕೆಂಪು ಕಿಮೊನೊ ಉಡಿಸಿದಳು. ಆದರೆ ಎದೆಯ ಬಳಿ ಎಡಗಡೆಯ ಅಂಚು ಮೇಲೆ ಬರುವ ಬದಲು ಬಲಗಡೆಯದು ಮೇಲೆ ಬಂದಿತ್ತು. ಅಳುವಿನಲ್ಲಿ ಅಮ್ಮನಿಗೆ ತಪ್ಪಾಗಿದೆ ಎಂದುಕೊಂಡು ಶಿಗೆನೊ ಸರಿಪಡಿಸಲು ಕೈ ಚಾಚಿದಳು. ಅವಳ ಅಜ್ಜಿ ಆ ಕೈ ಹಿಡಿದುಕೊಂಡಳು.

"ಬೇಡ ಮಗಾ. ಹೋದೋರಿಗೆ ಹೀಗೇ ಉಡಿಸೋದು."

ಮುಂದೆ ಶಿಗೆನೊ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳಾದಳು. ಬೆಳಿಗ್ಗೆ ಅಂಗಡಿ, ಮಧ್ಯಾಹ್ನ ಚಿತ್ರ. ನಲವತ್ತು ವರ್ಷ ಹೀಗೆಯೇ ನಡೆಯಿತು. ಬೇರೆಯವರು ಬರೆದ ಕಥೆಗಳ ಇಲಿ, ಕರಡಿ, ಚಂದ್ರ ಎಲ್ಲ ಅವಳ ಕುಂಚದಿಂದ ಹೊರಬಂದವು. ಕಿಮೊನೊ ಉಟ್ಟವರನ್ನು ಬರೆದಾಗ ಮಾತ್ರ ತನ್ನ ಎದೆಯ ಮೇಲೆ ಒಮ್ಮೆ ಕೈಯಾಡಿಸಿ, ಚಿತ್ರದಲ್ಲಿ ಯಾವ ಅಂಚು ಮೇಲಿದೆ ಎಂದು ನೋಡಿ, ಮತ್ತೊಮ್ಮೆ ಕೈಯಾಡಿಸಿಯೇ ಅಂಚೆಗೆ ಹಾಕುತ್ತಿದ್ದಳು.

ತನ್ನದೇ ಕಥೆಗೆ ಕೈ ಹಾಕಿದ್ದು ಎಪ್ಪತ್ತಾರು ದಾಟಿದ ಮೇಲೆ. ಕೆಂಪು ಕಿಮೊನೊದ ಒಂದು ಮಗು ಹಂಸಗಳನ್ನು ಹಿಂಬಾಲಿಸಿ ಹಿಮದಲ್ಲಿ ಸಮುದ್ರದವರೆಗೆ ನಡೆಯುತ್ತದೆ, ಅಷ್ಟೇ ಕಥೆ. ಕೈ ನಡುಗತೊಡಗಿತ್ತು, ಒಂದು ಚಿತ್ರಕ್ಕೆ ಒಂದು ತಿಂಗಳು ಹಿಡಿಯುತ್ತಿತ್ತು. ಹನ್ನೆರಡು ಚಿತ್ರಗಳಿಗೆ ಎರಡು ಚಳಿಗಾಲ ಕಳೆದವು.

ಮಾರ್ಚಿನಲ್ಲಿ ಪ್ರಕಾಶನದ ತೊಗಾವಾ ಟೋಕಿಯೊದಿಂದ ಬಂದ. ಚಿತ್ರಗಳನ್ನು ನೋಡುತ್ತ ನೋಡುತ್ತ ಅವನ ಮುಖ ಸಣ್ಣದಾಯಿತು.

"ಮೇಡಂ, ಪತ್ರ ಓದಲಿಲ್ವಾ? ಈ ಪುಸ್ತಕಮಾಲೆಯಲ್ಲಿ ಅಕ್ಷರ ಮೇಲಿಂದ ಕೆಳಗಲ್ಲ, ಅಡ್ಡ. ಪುಸ್ತಕ ನಮ್ಮ ವಾಡಿಕೆಯ ಹಾಗೆ ಬಲಗಡೆಯಿಂದಲ್ಲ, ಎಡಗಡೆಯಿಂದ ತೆರೆಯುತ್ತೆ. ಮಗು ಬಲಕ್ಕೆ ನಡೀಬೇಕಿತ್ತು."

ಪತ್ರ ಬಣ್ಣದ ಬಟ್ಟಲಿನ ಕೆಳಗೇ ಇತ್ತು. ಮೊದಲ ಹಾಳೆಯ ತುಂಬ ವಾಡಿಕೆಯ ಕುಶಲದ ಮಾತು: ಪ್ಲಮ್ ಹೂವು, ಉಳಿದ ಚಳಿ, ನಿಮ್ಮ ಆರೋಗ್ಯ. ಶಿಗೆನೊ ಅದನ್ನು ಸವಿದು ಓದಿ, ಇನ್ನೇನಿರುತ್ತದೆ ಎಂದು ಬಟ್ಟಲು ಇಟ್ಟುಬಿಟ್ಟಿದ್ದಳು. ವಿಷಯ ಇದ್ದದ್ದು ಎರಡನೆಯ ಹಾಳೆಯಲ್ಲಿ.

"ಈಗ ಎಲ್ಲಾ ಪುಟದಲ್ಲೂ ಮಗು ವಾಪಸ್ ಬರ್ತಿರೋ ಹಾಗೆ ಕಾಣುತ್ತೆ" ಎಂದ ತೊಗಾವಾ. "ಚಿಂತೆ ಬೇಡ, ಕಂಪ್ಯೂಟರಿನಲ್ಲಿ ಕನ್ನಡಿ ಥರ ತಿರುಗಿಸಿಬಿಡ್ತೀನಿ. ಒಂದು ನಿಮಿಷ."

ತಿರುಗಿಸಿ ತೋರಿಸಿದ. ಮಗು ಬಲಕ್ಕೆ ನಡೆಯುತ್ತಿತ್ತು. ಶಿಗೆನೊ ತನ್ನ ಎದೆಯ ಮೇಲೆ ಕೈಯಾಡಿಸಿದಳು. ಪರದೆಯ ಮೇಲೆ ಬಲಗಡೆಯ ಅಂಚು ಮೇಲೆ ಬಂದಿತ್ತು, ಚಿಯೊ ಆ ಕೊನೆಯ ದಿನ ಅಮ್ಮ ಉಡಿಸಿದ ಹಾಗೆಯೇ ಉಟ್ಟಿದ್ದಳು.

"ಬೇಡ" ಎಂದಳು.

"ಮಕ್ಕಳು ಅಷ್ಟೆಲ್ಲ ಗಮನಿಸಲ್ಲ ಮೇಡಂ..."

"ಅವಳು ಗಮನಿಸ್ತಾಳೆ."

ತೊಗಾವಾ ಕಂಪ್ಯೂಟರ್ ಮುಚ್ಚಿದ. ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕು, ಇಲ್ಲವಾದರೆ ಮಾಲೆಯಿಂದ ಈ ಪುಸ್ತಕ ಬಿಟ್ಟುಹೋಗುತ್ತದೆ ಎಂದು ತಲೆಬಾಗಿ ಹೇಳಿ ಹೋದ. ಹನ್ನೆರಡು ಚಿತ್ರಗಳನ್ನು ಮತ್ತೆ ಬರೆಯಲು ಅವಳಿಗೆ ಇನ್ನೆರಡು ಚಳಿಗಾಲ ಬೇಕು. ಕೈ ಅಷ್ಟು ಕಾಲ ಮಾತು ಕೇಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಎದುರು ಮನೆಯ ಮೀನಂಗಡಿಯ ಕಿನುಯೊ ಬಿಸಿ ಸಾರು ತಂದಳು.

"ಏನಕ್ಕಾ, ಮುಖ ನಮ್ಮ ಸೂರಿನ ಮೀನಿನ ಥರ ಒಣಗಿದೆ?"

"ನಿಮ್ಮ ಮೀನು ಮಾರಾಟ ಆದ್ರೂ ಆಗುತ್ತೆ" ಎಂದು ಶಿಗೆನೊ ನಕ್ಕಳು. ಸಾರು ಕುಡಿದಳು.

ಮಧ್ಯಾಹ್ನ, ಹೊದಿಕೆ ಹೊದಿಸಿ ಕೆಳಗೆ ಕಾವಿಟ್ಟ ಗಿಡ್ಡ ಮೇಜಿನಡಿ ಕಾಲು ಚಾಚಿ ಮಲಗಿದಳು. ಕಾಗದದ ಬಾಗಿಲಿನಾಚೆ ಹಿಮ ಸುರಿಯುತ್ತಿತ್ತೋ, ಸೂರಿನಿಂದ ಜಾರುತ್ತಿತ್ತೋ. ಹಂಸಗಳ ಕೂಗು ಹತ್ತಿರ ಬಂತು, ದೂರವಾಯಿತು. ಯಾರೋ ಹೊಸಿಲ ಬಳಿ ಹುಲ್ಲಿನ ಬೂಟು ಕೊಡವಿದರು. ತೊಗಾವಾನ ಮಾತು ಚಿಯೊಳ ದನಿಯಲ್ಲಿ ಕೇಳಿಸಿತು: ಎಲ್ಲಾ ಪುಟದಲ್ಲೂ ವಾಪಸ್ ಬರ್ತಿದೀನಲ್ಲಾ ಅಕ್ಕಾ, ಬಾಗಿಲು ಯಾಕೆ ತೆಗೆದಿಲ್ಲ?

ಶಿಗೆನೊ ಎದ್ದು ಕೂತಳು. ಚಿತ್ರಗಳನ್ನು ಚಾಪೆಯ ಮೇಲೆ ಹರಡಿ, ಕೊನೆಯದನ್ನು ಮೊದಲಿಗೆ, ಮೊದಲನೆಯದನ್ನು ಕೊನೆಗೆ ಇಟ್ಟಳು. ಈಗ ಮಗು ಹಂಸಗಳ ಸಮುದ್ರದಿಂದ ಹೊರಟು, ಪೈನ್ ಮರಗಳನ್ನೂ ಸೇತುವೆಯನ್ನೂ ದಾಟಿ, ಎಡಕ್ಕೆ, ಎಡಕ್ಕೆ, ಊರಿನ ಕಡೆಗೆ ನಡೆಯುತ್ತಿತ್ತು. ಮನೆಯ ಚಿತ್ರವೊಂದೇ ಹೊಂದಲಿಲ್ಲ. ಅದರಲ್ಲಿ ಮಗು ಹೊಸಿಲು ದಾಟಿ ಹೊರಗೆ ಹೋಗುತ್ತಿತ್ತು.

ಆ ಒಂದನ್ನು ಹೊಸದಾಗಿ ಬರೆಯಲು ಇಪ್ಪತ್ತು ದಿನ ಸಿಕ್ಕಿದವು. ಕೈ ನಡುಗಿ ಗೆರೆ ತಪ್ಪಿದಲ್ಲೆಲ್ಲ ಹಿಮ ಬೀಳಿಸಿದಳು. ಚಿಯೊ ಒಳಗೆ ಬಂದು ಬೂಟು ಕಳಚುತ್ತಿದ್ದಾಳೆ, ಮೇಲೆ ಮೀನುಗಳು ತೂಗುತ್ತಿವೆ, ಕಿಮೊನೊದ ಎಡಗಡೆಯ ಅಂಚು ಮೇಲಿದೆ. ಕೊನೆಯ ಪುಟಕ್ಕೆ ಶಿಗೆನೊ ಒಂದೇ ಸಾಲು ಬರೆದಳು: "ಅಕ್ಕಾ, ನೋಡಿಕೊಂಡು ಬಂದೆ."

ಪುಸ್ತಕ ಗುರುವಾರ ಅಂಚೆಯಲ್ಲಿ ಬಂತು. ಶಿಗೆನೊ ಅಜ್ಜಿ ಮೊದಲು ತನ್ನ ಎದೆ ಮುಟ್ಟಿಕೊಂಡಳು, ಆಮೇಲೆ ಕೊನೆಯ ಪುಟ ತೆರೆದಳು. ಅವಳ ಕಣ್ಣಿಗೆ ಈಗ ಅಕ್ಷರ ಕಾಣುವುದಿಲ್ಲ, ಬಣ್ಣ ಮಾತ್ರ ಕಾಣುತ್ತದೆ. ಶನಿವಾರ ಹತ್ತು ಗಂಟೆಗೆ ಊರಿನ ಗ್ರಂಥಾಲಯದಲ್ಲಿ ಅವಳು ಪುಟ ತಿರುಗಿಸುತ್ತಾಳೆ, ನಾನು ಮಕ್ಕಳ ಮುಂದೆ ನಿಂತು ಗಟ್ಟಿಯಾಗಿ ಓದುತ್ತೇನೆ.