ಸ್ಲೋ ಲೋಕಲಿನಿಂದ ಹೋದ ಅರ್ಜಿ

ಬಾಂದ್ರಾ ದಾಟಿ ಗಾಡಿ ಮಾಹಿಮ್ ಖಾಡಿಯ, ಅಂದರೆ ಅಲ್ಲಿನ ಕಡಲ ಹಿನ್ನೀರಿನ, ಸೇತುವೆಗೆ ಬಂದರೆ ಸಾಕು, ಎಂಥ ನಿದ್ದೆಯಲ್ಲಿದ್ದರೂ ನನಗೆ ಎಚ್ಚರವಾಗುತ್ತದೆ. ಕೆಸರು, ಉಪ್ಪು, ಊರಿನ ಕೊಳೆ ಎಲ್ಲ ಬೆರೆತ ಆ ವಾಸನೆಯನ್ನು ಹೊಸಬರು ಮೂಗಿಗೆ ಕರವಸ್ತ್ರ ಹಿಡಿದು ದಾಟುತ್ತಾರೆ. ನನಗೆ ಮಾತ್ರ ಅದರಿಂದ ಒಂದು ಪತ್ರ ನೆನಪಾಗುತ್ತದೆ. ನಗಬೇಡಿ. ಆ ಪತ್ರ ಬಂದದ್ದು ಅಮೆರಿಕದಿಂದ, ಅದೂ ಇ-ಮೇಲಿನಲ್ಲಿ. ಅದಕ್ಕೆ ಯಾವ ವಾಸನೆಯೂ ಇರಲಿಲ್ಲ. ಆದರೆ ನಾನದನ್ನು ತೆರೆದು ಓದಿದ್ದು ಈ ಸೇತುವೆಯ ಮೇಲೆ. ಇವತ್ತು ಬೆಳಿಗ್ಗೆಯೂ ವಾಸನೆ ಬಂತು, ಅರೆಗಣ್ಣಿನಲ್ಲಿದ್ದ ನನಗೆ ಆ ದಿನಗಳೆಲ್ಲ ತೇಲಿ ಬಂದವು.

ನಮ್ಮದು ಬೊರಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್. ಫಾಸ್ಟ್ ಹಿಡಿದರೆ ಬೇಗ ತಲುಪಬಹುದು, ನಿಜ. ಆದರೆ ಫಾಸ್ಟಿನಲ್ಲಿ ಉಸಿರಾಡಲೇ ಜಾಗವಿಲ್ಲ, ಮಾತಾಡುವುದು ಎಲ್ಲಿಂದ ಬಂತು? ಸ್ಲೋ ಗಾಡಿಯ ಕಿಟಕಿಯ ಸರಳುಗಳ ನಡುವಿನಿಂದ ಬೆಳಗಿನ ಬಿಸಿಲು ತೊಡೆಯ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದು, ಸ್ಟೇಷನ್ ಬಂದಾಗ ಮಾಯವಾಗಿ, ಮತ್ತೆ ಬಂದು ಕೂರುತ್ತದೆ. ಬೇರೆ ಡಬ್ಬಿಗಳಲ್ಲಿ ಭಜನೆಯ ಗುಂಪುಗಳಿವೆ, ಇಸ್ಪೀಟಿನ ಗುಂಪುಗಳಿವೆ. ನಮ್ಮದು ಒಂದು ತಂತ್ರಾಂಶದ ಗುಂಪು. ಹೀಗೆಂದರೆ ಟಿಕೆಟ್ ಚೆಕರ್ ಕೂಡ ನಂಬುವುದಿಲ್ಲ.

ಗುಂಪು ಹುಟ್ಟಿದ್ದು ಸದಾನಂದಣ್ಣನ ಕಣ್ಣಿನಿಂದ. ಉಡುಪಿ ಕಡೆಯ ಸದಾನಂದಣ್ಣ ದಾದರಿನ ಒಂದು ಹೋಟೆಲಿನ ಮ್ಯಾನೇಜರು. ಗಾಡಿಯಲ್ಲಿ ಸದಾ ಕಥೆ, ಕಾದಂಬರಿ ಓದುತ್ತಿದ್ದವರು. ಒಂದು ವರ್ಷ ಅವರ ಕೈಯಲ್ಲಿನ ಪುಸ್ತಕ ಮೆಲ್ಲಗೆ ಮುಖದ ಹತ್ತಿರ ಬರತೊಡಗಿತು, ಇನ್ನೂ ಹತ್ತಿರ ಬಂತು, ಕೊನೆಗೊಂದು ದಿನ ಚೀಲದೊಳಗೇ ಉಳಿಯಿತು. ಕಣ್ಣಿನೊಳಗಿನ ಒತ್ತಡಕ್ಕೆ ನರ ಸೋತಿದೆ, ಹೋದದ್ದು ಮರಳಿ ಬರುವುದಿಲ್ಲ ಎಂದರಂತೆ ಡಾಕ್ಟರು. ಹೋಟೆಲಿನ ಕೆಲಸವನ್ನು ಅವರು ಮೂಗು, ನಾಲಿಗೆಯಲ್ಲಿ ನಿಭಾಯಿಸಿದರು. ಓದುವುದನ್ನು ಯಾವುದರಲ್ಲಿ ನಿಭಾಯಿಸಬೇಕು?

ಆಫೀಸಿನಲ್ಲಿ ಕಂಪ್ಯೂಟರ್ ರಿಪೇರಿಗೆ ಎಲ್ಲರೂ ಕರೆಯುವ ಮನುಷ್ಯ ನಾನಾದ್ದರಿಂದ ನನಗೊಂದು ಹುಕಿ ಬಂತು. ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶ ಮಾಡಿದೆ. ಯಾರು ಬೇಕಾದರೂ ತೆಗೆದು ನೋಡಲಿ, ತಿದ್ದಲಿ ಎಂದು ಅಂತರ್ಜಾಲದಲ್ಲಿ ತೆರೆದಿಟ್ಟೆ. ವಿಜಯಪುರ ಕಡೆಯ ಬಸವರಾಜರು, ಕಟ್ಟಡ ಕೆಲಸದ ಸೂಪರ್‌ವೈಸರ್, ಪದಗಳ ಉಚ್ಚಾರ ಹೇಳಿಕೊಟ್ಟರು. ಇಂಜಿನಿಯರಿಂಗ್ ಓದುತ್ತಿದ್ದ ಅವರ ಮಗಳು ದೀಪಾ ನನ್ನ ಕೋಡಿನ ತಪ್ಪುಗಳನ್ನು ತಿದ್ದಿದಳು. ಆದರೂ ಅದು ಓದುತ್ತಿದ್ದ ಪರಿ ಹೇಗೆಂದರೆ, ಒಂದಿಡೀ ಪ್ಯಾರಾವನ್ನು ಒಂದೇ ಉಸಿರಿಗೆ ನುಂಗಿಬಿಡುತ್ತಿತ್ತು. ಸದಾನಂದಣ್ಣ ಎರಡು ವಾಕ್ಯ ಕೇಳಿ ಕಿವಿಯ ವಯರ್ ಕಿತ್ತು ಹೇಳುತ್ತಿದ್ದರು:

"ಇದಕ್ಕೆ ಎಂತ ಅವಸರ ಮಾರಾಯ? ಗಾಡಿ ತಪ್ಪಿಹೋಗ್ತದಾ?"

ಅದಕ್ಕೆ ನಿಲ್ಲುವುದನ್ನು ಕಲಿಸಬೇಕಿತ್ತು. ಒಬ್ಬರು ಮೂರು ತಿಂಗಳು ಬೇರೇನೂ ಮಾಡದೆ ಕೂತರೆ ಆಗುವ ಕೆಲಸ. ಅದೇ ಹೊತ್ತಿಗೆ ಅಮೆರಿಕದ ಯೋಜನೆಯೊಂದರ ಸುದ್ದಿ ಸಿಕ್ಕಿತು. ನಮ್ಮಂಥ ಗುಂಪುಗಳನ್ನು ಅವರು ಆರಿಸುತ್ತಾರೆ. ಆರಿಸಿದ ಗುಂಪಿಗಾಗಿ ಬೇಸಿಗೆಯಲ್ಲಿ ಕೋಡ್ ಬರೆಯುವ ವಿದ್ಯಾರ್ಥಿಗೆ ಅವರೇ ಭತ್ಯೆ ಕೊಡುತ್ತಾರೆ. ಬಸವರಾಜರು ಖಂಡತುಂಡವಾಗಿ ಹೇಳಿದ್ದರು: "ನೋಡ್ರಿ ಸರ, ಬ್ಯಾಸಿಗಿ ರಜಾದಾಗ ಮಗಳು ಖಾಲಿ ಕುಂದ್ರೂದು ಬ್ಯಾಡ. ಅಮೆರಿಕದವರು ಹೂಂ ಅಂದ್ರ ನಿಮ್ಮ ಕೆಲಸ ಮಾಡ್ತಾಳ. ಇಲ್ಲಂದ್ರ ಅಂಧೇರಿ ಆಫೀಸಿನಾಗ ಟ್ರೇನಿಂಗಿಗೆ ಹೋಗ್ತಾಳ."

ಅರ್ಜಿ ಬರೆದವನು ನಾನು. ಇಲ್ಲಿ ನನ್ನ ಜಾಣತನವನ್ನು ನೀವು ಮೆಚ್ಚಲೇಬೇಕು. ನಮ್ಮ ಜಾಲತಾಣದಲ್ಲಿ ತಂತ್ರಾಂಶದ ಕುಂದುಕೊರತೆಗಳ ಪಟ್ಟಿಯೊಂದಿತ್ತು, ಸದಸ್ಯರು ಪರಸ್ಪರ ಪತ್ರ ಬರೆಯುವ ಅಂಗಳವೂ ಇತ್ತು. ಮನೆಗೆ ಹೆಣ್ಣು ನೋಡಲು ಬರುತ್ತಾರೆಂದರೆ ಹರಿದ ಚಾಪೆ ಮಂಚದಡಿ ಸೇರುವುದಿಲ್ಲವೆ? ಹಾಗೆ ನಾನು ಕೊರತೆಗಳನ್ನೆಲ್ಲ 'ಮುಗಿದಿದೆ' ಎಂದು ಮುಚ್ಚಿದೆ. ಪತ್ರದ ಅಂಗಳದಲ್ಲಿದ್ದದ್ದೇ ನಾಲ್ಕು ಪತ್ರ: ಮೂರು ದೀಪಾವಳಿ ಶುಭಾಶಯ, ಒಂದು 'ಪರೀಕ್ಷೆ, ಪರೀಕ್ಷೆ'. ಗಂಭೀರವಾಗಿ ಕಾಣಲೆಂದು ಅವನ್ನೂ ಅಳಿಸಿಹಾಕಿದೆ. ಕೆಲಸದ ವಿಷಯ ನಾವು ಒಂದಕ್ಷರವನ್ನೂ ಅಲ್ಲಿ ಬರೆದವರಲ್ಲ. ಯಾಕೆ ಬರೆಯಬೇಕು? ಎಲ್ಲ ಜಗಳ, ಎಲ್ಲ ತೀರ್ಮಾನ ಕಾಂದಿವಲಿ-ಮಲಾಡ್ ನಡುವೆ ಬಾಯಲ್ಲೇ ಆಗುತ್ತಿತ್ತು.

ಸೇತುವೆಯ ಮೇಲೆ ನಾನು ಓದಿದ ಪತ್ರ ಬಹಳ ಸೌಜನ್ಯದ್ದು. ನಿಮ್ಮ ಕೆಲಸ ಒಳ್ಳೆಯದು, ಆದರೆ ನಿಮ್ಮ ಸದಸ್ಯರು ಒಬ್ಬರೊಡನೊಬ್ಬರು ಮಾತಾಡಿದ ಯಾವ ಗುರುತೂ ನಮಗೆ ಕಾಣಲಿಲ್ಲ, ವಿದ್ಯಾರ್ಥಿಗಳಿಗೆ ಮಾಡಲು ಬಾಕಿ ಕೆಲಸವೂ ಕಾಣಲಿಲ್ಲ, ಆದ್ದರಿಂದ ಈ ಸಲ ಆರಿಸಲಾಗಲಿಲ್ಲ ಎಂದಿತ್ತು. ನಾನು ತಲೆಯೆತ್ತಿ ನೋಡಿದೆ. ಎದುರಿಗೆ ಬಸವರಾಜರೂ ಸದಾನಂದಣ್ಣನೂ ಯಾವುದೋ ಪದದ ಉಚ್ಚಾರಕ್ಕಾಗಿ ಇಡೀ ಡಬ್ಬಿಗೆ ಕೇಳುವಂತೆ ಕಿತ್ತಾಡುತ್ತಿದ್ದರು.

ಹೇಳಲು ನನಗೆ ಬಾಯಿ ಬರಲಿಲ್ಲ. ಒಂದು ವಾರ "ಇನ್ನೂ ಪರಿಶೀಲನೆಯಲ್ಲಿದೆ" ಎನ್ನುತ್ತ ಕಳೆದೆ. ಎಂಟನೆಯ ದಿನ ಸದಾನಂದಣ್ಣ ನನ್ನ ಮೊಣಕಾಲು ತಟ್ಟಿ ಮೆಲ್ಲಗೆ ಅಂದರು:

"ಸಾಕು ಮಾರಾಯ, ಸುಳ್ಳು ಹೇಳಿ ಹೇಳಿ ನಿನ್ನ ಬಾಯಿ ಒಣಗಿಹೋಯ್ತು. ನನಗೆ ಗೊತ್ತುಂಟು."

ಅರ್ಜಿಯಲ್ಲಿ ಎರಡನೆಯ ಹೊಣೆಗಾರರೆಂದು ಅವರ ವಿಳಾಸ ಕೊಟ್ಟವನು ನಾನೇ, ಮರೆತಿದ್ದೆ. ಪತ್ರ ಅವರಿಗೂ ಹೋಗಿತ್ತು. ಅವರ ಫೋನು ಅದನ್ನು ಇಂಗ್ಲಿಷಿನಲ್ಲಿ ಓದಿ ಹೇಳಿತ್ತು.

"ಎಷ್ಟು ಚಂದ ಓದ್ತದೆ ಗೊತ್ತುಂಟಾ! ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಸಮಾಧಾನದಲ್ಲಿ. ಆಗುವುದಿಲ್ಲ ಅಂತ ಹೇಳಿದ್ದನ್ನೇ ಮೂರು ಸಲ ಕೇಳಿದೆ. ನಮ್ಮದೂ ಹೀಗೆ ಓದಿದ್ದರೆ ಅಂತ ಆಯ್ತು."

ಅಷ್ಟು ಹೇಳಿ ಅವರು ನಕ್ಕರು. ನನಗೆ ನಾಚಿಕೆಯಿಂದ ಗಾಡಿಯಿಂದ ಇಳಿದುಹೋಗಬೇಕೆನ್ನಿಸಿತು. ಎಂದೂ ಅಷ್ಟು ದುಃಖವಾಗಿರಲಿಲ್ಲ.

ದೀಪಾ ಅಂಧೇರಿಯ ಆಫೀಸಿಗೆ ಸೇರಿದಳು. ಆದರೆ ಬೆಳಗಿನ ಗಾಡಿ ಇದೇ ಆಗಿತ್ತು. ಮೊದಲ ದಿನವೇ ಲ್ಯಾಪ್‌ಟಾಪ್ ತೆರೆದು, "ಅಂಕಲ್, ಅಂಧೇರಿವರೆಗೆ ಟೈಮ್ ಇದೆ ನನಗೆ. ಚಲೇಗಾ?" ಎಂದಳು. ಅವಳಿಗೆ ಕನ್ನಡ ಓದಲು ಸರಿಯಾಗಿ ಬರದು. ಹಾಗಾಗಿ ಸದಾನಂದಣ್ಣ ತಮಗೆ ಬಾಯಿಪಾಠ ಬರುತ್ತಿದ್ದ ಕಥೆಗಳನ್ನು ಹೇಳುವುದು, ಅವರು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಲ್ಲಿ ಅವಳು ಲ್ಯಾಪ್‌ಟಾಪಿನಲ್ಲಿದ್ದ ಅದೇ ಕಥೆಯಲ್ಲಿ ಗುರುತು ಹಾಕುವುದು.

"ಇಲ್ಲಿ ಯಾಕೆ ನಿಂತ್ರಿ ಅಂಕಲ್? ಮತ್ಲಬ್... ಕಾಮಾ ಇಲ್ವಲ್ಲ?"

"ಅವಳು ಬಾಗಿಲು ತೆಗೆದಳು ಅಂದೆನಲ್ಲ ಮಗಾ. ಒಳಗೆ ಯಾರಿದ್ದಾರೆ ಅಂತ ನೋಡ್ಲಿಕ್ಕೆ ಸ್ವಲ್ಪ ಹೊತ್ತು ಬೇಡ್ವಾ?"

ಮೂರು ತಿಂಗಳ ಕೆಲಸ ಹೀಗೆ ಅರ್ಧರ್ಧ ಗಂಟೆಯಾಗಿ ವರ್ಷಗಳಿಗೆ ಹಬ್ಬಿತು. ದೀಪಾಳ ಟ್ರೇನಿಂಗು ನೌಕರಿಯಾಯಿತು. ಅಷ್ಟರಲ್ಲಿ ಸದಾನಂದಣ್ಣನಿಗೆ ಉಳಿದಿದ್ದ ಮಬ್ಬು ಬೆಳಕೂ ಹೋಯಿತು. ಬೊರಿವಲಿಯಲ್ಲಿ ಹತ್ತಿಸುವುದು, ದಾದರಿನಲ್ಲಿ ಮೊಣಕೈ ಹಿಡಿದು ಬಾಗಿಲವರೆಗೆ ಬಿಡುವುದು ನನ್ನ ಪಾಲಿಗೆ ಬಂತು. ಪ್ಲಾಟ್‌ಫಾರ್ಮಿನಲ್ಲಿ ಅವರ ಹೋಟೆಲಿನವರು ಕಾದಿರುತ್ತಾರೆ.

ಇವತ್ತು ಅಂಧೇರಿಯಲ್ಲಿ ಇಳಿಯುವ ಮುನ್ನ ದೀಪಾ ಸದಾನಂದಣ್ಣನ ಫೋನಿಗೆ ಏನೋ ತುಂಬಿಸಿ, "ಇವತ್ತು ಟೆಸ್ಟ್ ಅಲ್ಲ ಅಂಕಲ್, ಸುಮ್ನೆ ಕೇಳಿ" ಎಂದು ಹೋದಳು. ನಾನು ತೂಕಡಿಸಿದೆ. ಖಾಡಿಯ ವಾಸನೆಗೆ ಎಚ್ಚರವಾಗಿ ಇದನ್ನೆಲ್ಲ ನೆನೆಯುತ್ತ ಕೂತಿರುವಾಗಲೇ ಮಾಟುಂಗಾ ರೋಡ್ ಕಳೆಯಿತು, ಜನ ಬಾಗಿಲಿನತ್ತ ನುಗ್ಗತೊಡಗಿದರು. ನಾನು ಎದ್ದು ಎಂದಿನಂತೆ ಅವರ ಮೊಣಕೈ ಹಿಡಿದೆ.

"ಅಣ್ಣ, ದಾದರ್ ಬಂತು."

ಅವರು ಅಲುಗಲಿಲ್ಲ. ಮುಖ ಕಿಟಕಿಯ ಕಡೆಗಿತ್ತು, ಕಿವಿಯಲ್ಲಿ ಫೋನಿನ ವಯರ್ ಇತ್ತು.

"ಸದಾನಂದಣ್ಣ, ಏಳಿ. ದಾದರ್!"

ಅವರು ನನ್ನ ಕೈಯನ್ನು ಸ್ವಲ್ಪ ಸಿಡುಕಿನಿಂದಲೇ ಬಿಡಿಸಿಕೊಂಡರು.

"ಸುಮ್ಮನಿರು ಮಾರಾಯ, ಓದ್ತಾ ಇದ್ದೇನೆ."

ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಗಾಡಿ ಅವರನ್ನು ಕೂರಿಸಿಕೊಂಡೇ ದಾದರ್ ಬಿಟ್ಟು ಹೊರಟಿತು.