ನೋಡದೆ ಬರೆದ ಬಿ.ಪಿ.

ನಮ್ಮ ಆರೋಗ್ಯ ಕೇಂದ್ರದ ನರ್ಸನ್ನು ಊರೆಲ್ಲ ದೊಡ್ಡಕ್ಕ ಎನ್ನುತ್ತಿತ್ತು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಅವಳು ಬೈಯದ ಬಸುರಿಯಿಲ್ಲ, ಬೈಸಿಕೊಂಡು ಮತ್ತೆ ಬಾರದ ಬಸುರಿಯೂ ಇಲ್ಲ. ಔಷಧಿ ಕೊಡುವ ಕಿಟಕಿಯ ಹಿಂದೆ ಕೂತು ನಾನು ಎಲ್ಲ ಕೇಳುತ್ತಿದ್ದೆ. "ಮಾತ್ರೆ ನುಂಗ್ತಿದ್ಯಾ, ಇಲ್ಲ ಡಬ್ಬೀಲಿಟ್ಟು ಪೂಜೆ ಮಾಡ್ತಿದ್ಯಾ?" ಎಂದು ಅವಳು ಗದರಿದರೆ ಸಾಲಿಗೆ ಸಾಲೇ ನಗುತ್ತಿತ್ತು.

ಬಿ.ಪಿ. ನೋಡುವ ಯಂತ್ರ ಕೆಟ್ಟು ಏಳು ತಿಂಗಳಾಗಿತ್ತು. ತೋಳಿಗೆ ಸುತ್ತುವ ಪಟ್ಟಿಗೆ ತುಂಬಿದ ಗಾಳಿ ನಿಲ್ಲುತ್ತಿರಲಿಲ್ಲ. ಮೇಲಿನ ಕಚೇರಿಗೆ ಮೂರು ಪತ್ರ ಬರೆದವಳು ನಾನೇ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಆದರೆ ಬಸುರಿಯರ ತಾಯಿ ಕಾರ್ಡಿನಲ್ಲಿ ಬಿ.ಪಿ. ಜಾಗ ಖಾಲಿ ಬಿಟ್ಟರೆ ಮಾತ್ರ ಕಾರ್ಡು ವಾಪಸ್ ಬರುತ್ತಿತ್ತು, ಜೊತೆಗೊಂದು ನೋಟಿಸು. ಹಾಗಾಗಿ ದೊಡ್ಡಕ್ಕ ಎಲ್ಲರಿಗೂ ನೂರಿಪ್ಪತ್ತು, ಎಂಬತ್ತು ಎಂದು ಬರೆಯತೊಡಗಿದಳು. ನನಗೆ ಗೊತ್ತಿತ್ತು, ಡಾಕ್ಟರಿಗೂ ಗೊತ್ತಿತ್ತು. ಯಾರೂ ತುಟಿ ಬಿಚ್ಚಲಿಲ್ಲ. ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ದೊಡ್ಡಕ್ಕನ ತಮ್ಮನ ಹೆಂಡತಿಗೆ ಅದು ಚೊಚ್ಚಲ ಬಸಿರು. ಎಂಟನೇ ತಿಂಗಳಲ್ಲಿ ಬಂದು ಬೆಂಚಿನ ಮೇಲೆ ಕೂತು, "ಅಕ್ಕಾ, ಚಪ್ಪಲಿ ಕಾಲಿಗೆ ಹಿಡೀತಿಲ್ಲ, ತಲೆ ಬೇರೆ ಸಿಡೀತಿದೆ" ಎಂದಳು.

"ಬಸುರಿ ಕಾಲು ಊದದೆ ಇನ್ನೇನಾಗುತ್ತೆ? ಕಾಲಡಿಗೆ ದಿಂಬಿಟ್ಟು ಮಲ್ಕೋ" ಎಂದಳು ದೊಡ್ಡಕ್ಕ. ಹೊರಗೆ ಇನ್ನೂ ಮೂವತ್ತು ಜನರಿದ್ದರು. ಕೈ ತನ್ನಷ್ಟಕ್ಕೆ ಅದೇ ಅಂಕಿ ಬರೆಯಿತು.

ಐದನೇ ದಿನ ಆ ಹುಡುಗಿಗೆ ಫಿಟ್ಸ್ ಬಂತು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮಗುವನ್ನು ಉಳಿಸಿದರು, ತಾಯಿ ಉಳಿಯಲಿಲ್ಲ. ಫಿಟ್ಸ್ ಬಂದದ್ದು ಬಿ.ಪಿ. ಏರಿ; ಇನ್ನೂರರ ಹತ್ತಿರ ಇತ್ತಂತೆ.

ವಿಚಾರಣೆಗೆ ಬಂದ ಅಧಿಕಾರಿ ಕಾರ್ಡು ನೋಡಿ, "ನಿಮ್ಮ ಕಡೆಯಿಂದ ಎಲ್ಲ ಸರಿಯಾಗಿದೆ" ಎಂದು ಸಹಿ ಹಾಕಿ ಹೋದರು. ಕೆಲಸ ಉಳಿಯಿತು. ಆದರೆ ಅವತ್ತು ದೊಡ್ಡಕ್ಕ ಊಟದ ಡಬ್ಬಿ ತೆರೆಯಲೇ ಇಲ್ಲ. "ತಮ್ಮನಿಗೆ ಹೇಳ್ಬೇಕು ಕಣೇ" ಎಂದಳು ನನ್ನೆದುರು.

"ಹೇಳಿದ್ರೆ ಹೋದವಳು ಬರ್ತಾಳಾ? ಇರೋ ಒಬ್ಬ ತಮ್ಮನನ್ನೂ ಕಳ್ಕೋತೀಯ, ಸುಮ್ನಿರು" ಎಂದೆ. ನನಗೆ ನನ್ನ ಕೆಲಸದ ಭಯವೂ ಇತ್ತು.

ಒಂದು ಮಧ್ಯಾಹ್ನ ತಮ್ಮನೇ ಮಗುವಿಗೆ ಲಸಿಕೆ ಹಾಕಿಸಲು ಬಂದ. ದೊಡ್ಡಕ್ಕ ಸೂಜಿ ಚುಚ್ಚಿ, ಅಳುವ ಮಗುವನ್ನು ತೊಡೆಯ ಮೇಲಿಟ್ಟು ತಟ್ಟುತ್ತಿದ್ದಳು.

"ಅವಳ ತವರಿನೋರು ನಿನ್ನ ಬಗ್ಗೆ ಏನೇನೋ ಅಂದ್ರು ಅಕ್ಕ" ಎಂದ ಅವನು. "ಕಾರ್ಡು ತೋರಿಸಿ ಬಾಯಿ ಮುಚ್ಚಿಸ್ದೆ. ಪ್ರತಿ ಸಲಾನೂ ಬಿ.ಪಿ. ನೋಡಿದ್ದೀಯಲ್ಲ."

"ನೋಡಿಲ್ಲ ಕಣೋ" ಎಂದಳು ದೊಡ್ಡಕ್ಕ. "ಒಂದು ಸಲಾನೂ ನೋಡಿಲ್ಲ. ಸುಮ್ನೆ ಬರೆದೆ."

ಅವನು ಬೈಯಲಿಲ್ಲ. ಬಗ್ಗಿ, ಅವಳ ತೊಡೆಯಿಂದ ಮಗುವನ್ನು ಎತ್ತಿಕೊಂಡ. ಮುಂದಿನ ಲಸಿಕೆಗೆ ಅವನು ಹದಿನಾಲ್ಕು ಕಿಲೋಮೀಟರ್ ಆಚೆಯ ಇನ್ನೊಂದು ಕೇಂದ್ರಕ್ಕೆ ಹೋದ.