ಗೂಬೆಯ ಊಟ ಬಲ್ಲವಳು

ಹೂಲಿಯ ನಮ್ಮ ಹೊಲದಂಚಿನ ಹಾಳು ಗುಡಿಯಲ್ಲಿ ಬಿಳಿ ಮುಖದ ಗೂಬೆಗಳೆರಡು ಇದ್ದವು. ಪಕ್ಕದ ಹುಣಸೆಮರದ ಪೊಟರೆಯಲ್ಲಿ ಅವುಗಳದೇ ಕುಲದ ಸಣ್ಣ ಹಾಲಕ್ಕಿಗಳು. ಈ ಎರಡೂ ಜಾತಿಯ ಹಕ್ಕಿಗಳು ಉಂಡು, ಅರಗದೆ ಉಗುಳಿದ ಉಂಡೆಗಳನ್ನು ಅಕ್ಕ ಆಯ್ದು ತಂದು, ನೀರಲ್ಲಿ ನೆನೆಸಿ, ಸೂಜಿಯಿಂದ ಬಿಡಿಸುತ್ತಿದ್ದಳು. ಗೂಬೆಯದರಲ್ಲಿ ಬರೀ ಇಲಿಯ ತಲೆಬುರುಡೆ. ಹಾಲಕ್ಕಿಯದರಲ್ಲಿ ಹೆಚ್ಚಾಗಿ ಜೀರುಂಡೆಯ ರೆಕ್ಕೆ, ಮಿಡತೆಯ ಕಾಲು.

"ಒಂದ ಹೊಲ, ಎರಡ ಪಂಕ್ತಿ. ಜಗಳನ ಇಲ್ಲ ನೋಡೋ ತಮ್ಮಾ," ಎಂದು ಪ್ರತಿ ಸಲ ನಗುವಳು. ಓಣಿಯವರು ಅಪಶಕುನದಾಕಿ ಎಂದರೆ, "ನಿಮ್ಮ ಜೋಳ ಕಾಯಾಕಿ ಅನ್ರಿ," ಎನ್ನುವಳು.

ಹೋದ ವರ್ಷ ಜೋಳ ಕಾಳು ಕಟ್ಟುವಾಗ ಇಲಿ ಹೆಚ್ಚಾದವು. ನಾನು ಆಕೆಗೆ ಹೇಳದೆ ಬದುವಿನ ಬಿಲಗಳಿಗೆ ವಿಷ ಇಟ್ಟೆ. ವಾರದೊಳಗೆ ಎರಡೂ ಗೂಬೆ ಸತ್ತು ಬಿದ್ದವು. ಹಾಲಕ್ಕಿಗಳು ಎಂದಿನಂತೆ ಕೂಗುತ್ತಿದ್ದವು.

"ಇಲಿ ತಿಂದವು ಅಷ್ಟ ಸತ್ತಾವು. ವಿಷ ನೀ ಇಟ್ಟಿಯೇನೋ?" ಎಂದು ಅಕ್ಕ ಕೇಳಿದಳು.

"ನಾ ಯಾಕ ಇಡ್ಲಿ? ಬಾಜೂ ಹೊಲದ ಕಾಕಾ ಇಟ್ಟಿರಬೇಕು," ಎಂದುಬಿಟ್ಟೆ.

ಆಕೆ ಸಿಟ್ಟಿನ ಭರದಲ್ಲಿ ಹಿಂದುಮುಂದು ನೋಡದೆ ಕಾಕಾನನ್ನು ಬದುವಿನ ಮೇಲೆಯೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈದಳು. ಆತ ಎಲ್ಲ ಕೇಳಿಸಿಕೊಂಡು, "ಈ ಸಲ ನಾ ಹೊಲಾನ ಬೀಳ ಬಿಟ್ಟೇನಿ ಯವ್ವಾ. ವಿಷ ಇಟ್ಟ ಏನ ಕಾಯಲಿ, ಮಣ್ಣಾ?" ಎಂದ.

ಅಕ್ಕ ತಿರುಗಿ ನನ್ನನ್ನು ನೋಡಿದಳು. ನಾನು ಕುಡಗೋಲು ಹಿಡಿದು ಹುಲ್ಲು ಕೊಯ್ಯುವವನಂತೆ ಬಗ್ಗಿದೆ. ಆಕೆ ಕಾಕಾನಿಗೆ ಕೈ ಮುಗಿದು, "ತಪ್ಪಾತ್ರಿ ಕಾಕಾ. ನಂದ ತಪ್ಪು," ಎಂದಳು.

ಆಗಲೂ ನಾನು ತಲೆ ಎತ್ತಲಿಲ್ಲ.